ಗಂಡು ಚೀಮ

ನಾವು ದಿನಾ ನೋಡುವ ಇರುವೆಗಳೆಲ್ಲ ಹೆಣ್ಣು. ಗೋಡೆ ಮೇಲೆ ಸಾಲು ಹೋಗುವವು, ಸಕ್ಕರೆ ಡಬ್ಬಿಗೆ ನುಗ್ಗುವವು, ಸತ್ತ ಜಿರಲೆಯನ್ನು ಹೊತ್ತು ಹೊರಡುವವು, ಎಲ್ಲವೂ ಹೆಣ್ಣೇ. ಗಂಡಿಗೆ ರೆಕ್ಕೆ ಇರುತ್ತದೆ, ಕೊಂಡಿ ಇರುವುದಿಲ್ಲ. ಮೊದಲ ಮಳೆಗೆ ಹಾರಿ, ಬಂದ ಕೆಲಸ ಮುಗಿಸಿ ಸಾಯುತ್ತದೆ. ಶ್ರೀನಿವಾಸಪುರದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುವ ನಾನು ಇದನ್ನು ಪ್ರತಿ ವರ್ಷ ಹೇಳುತ್ತೇನೆ, ಹುಡುಗಿಯರು ಪ್ರತಿ ವರ್ಷ ಬಾಯಿಗೆ ಕೈ ಅಡ್ಡ ಇಟ್ಟು ನಗುತ್ತಾರೆ. ಈ ಪಾಠದ ಬಗ್ಗೆ ನನಗೆ ಎಂದೂ ಅನುಮಾನ ಬಂದಿರಲಿಲ್ಲ. ಅನುಮಾನ ಹುಟ್ಟಿಸಿದವರು ನಮ್ಮತ್ತೆ.

ಅತ್ತೆ ಇರುವುದು ಗೌನಿಪಲ್ಲಿ ಹತ್ತಿರದ ಮಾವಿನ ತೋಪಿನ ಮನೆಯಲ್ಲಿ, ನನ್ನ ಗಂಡನ ಅಣ್ಣನ ಸಂಸಾರದ ಜೊತೆ. ಅವರನ್ನು ನಾನು ಭಾವ ಎನ್ನುತ್ತೇನೆ. ನಾವಿಬ್ಬರು ಕೋಲಾರದಲ್ಲಿದ್ದೇವೆ. ಬೆಳಗಾದರೆ ನನ್ನ ಗಂಡ ಬೈಕ್ ಹತ್ತಿ ಮಾಲೂರಿನ ಕಾರ್ಖಾನೆಗೆ ಹೋಗುತ್ತಾರೆ, ನಾನು ಬಸ್ ಹಿಡಿದು ಶ್ರೀನಿವಾಸಪುರಕ್ಕೆ.

ಅದು ಮಾವು ಹೂಬಿಟ್ಟಿದ್ದ ಕಾಲ. ಒಂದು ಶನಿವಾರ ಬೆಳಿಗ್ಗೆ ಪಾಠ ಮಾಡುತ್ತಿದ್ದಾಗ ಭಾವನ ಫೋನ್ ಬಂತು. "ಅಮ್ಮನ್ನ ಶ್ರೀನಿವಾಸಪುರದ ಆಸ್ಪತ್ರೆಗೆ ಕರ್ಕೊಂಡ್ ಬಂದಿದ್ದೀನಿ. ಇರುವೆ ಕಚ್ತಂತೆ. ಬೇಗ ಬಾಮ್ಮ," ಎಂದರು. ಇರುವೆ ಕಚ್ಚಿದ್ದಕ್ಕೂ ಆಸ್ಪತ್ರೆಯೇ ಎಂದು ನನಗೆ ನಗು ಬಂತು. ಮಂಚದ ಮೇಲೆ ಮಲಗಿದ್ದ ಅತ್ತೆಯನ್ನು ಕಂಡಾಗ ಆ ನಗು ಎಲ್ಲಿ ಹೋಯಿತೋ ತಿಳಿಯಲಿಲ್ಲ. ತುಟಿ ಊದಿ ಮುಖದ ಗುರುತೇ ಸಿಗುತ್ತಿರಲಿಲ್ಲ. ಕತ್ತು, ತೋಳು ಎಲ್ಲ ಕೆಂಪು ದದ್ದು. ಉಸಿರು ಒಳಗೆ ಹೋಗುವಾಗ ಸಿಳ್ಳೆಯಂಥ ಸದ್ದು. ತೋಪಿನಿಂದ ಬಂದವರು "ಮೈಯೆಲ್ಲ ಉರಿ, ಇರುವೆ ಕಚ್ತು" ಎಂದು ಜಗಲಿ ಮೇಲೆ ಕುಳಿತರಂತೆ, ಕುಳಿತಲ್ಲೇ ವಾಲಿಬಿಟ್ಟರಂತೆ. ಹೇಳುತ್ತಾ ಭಾವ ಅವರ ಕಾಲು ಹಿಡಿದುಕೊಂಡೇ ನಿಂತಿದ್ದರು. ಅಷ್ಟು ದೊಡ್ಡ ಗಂಡಸು ಬಿಕ್ಕುವುದನ್ನು ನಾನು ಮೊದಲು ನೋಡಿದ್ದು ಅವತ್ತು.

ಇಂಜೆಕ್ಷನ್‌ಗಳಾದ ಮೇಲೆ ಉಸಿರು ಹದಕ್ಕೆ ಬಂತು. ಡಾಕ್ಟರು ನನಗಿಂತ ಚಿಕ್ಕವಳಾದ ಹೆಣ್ಣುಮಗಳು. ನಮ್ಮನ್ನು ಹೊರಗೆ ಕರೆದು ಹೇಳಿದಳು: "ಕೆಲವ್ರ ಮೈಗೆ ಕೆಲವು ಇರುವೆ ವಿಷ ಒಗ್ಗಲ್ಲ. ಹಿಂದೆ ಒಂದ್ಸಲ ಹಿಂಗೇ ತಲೆ ಸುತ್ತಿ ಬಿದ್ದಿದ್ರಂತಲ್ಲ, ಅದೂ ಇದೇ ಇರ್ಬೇಕು. ಸಲ ಸಲಕ್ಕೂ ಜಾಸ್ತಿ ಆಗುತ್ತೆ. ಇನ್ನೊಂದ್ಸಲ ಆದ್ರೆ ಇಲ್ಲಿ ತನಕ ತರೋಕಾಗುತ್ತೋ ಇಲ್ವೋ ಹೇಳಕ್ಕಾಗಲ್ಲ. ಯಾವ ಇರುವೆ ಅಂತ ಪತ್ತೆ ಹಚ್ಚಿ, ಅದ್ರ ಹತ್ರ ಹೋಗದಂಗೆ ನೋಡ್ಕೊಳಿ."

ಭಾವ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದರು. "ನಮ್ಮನೇಲೇ ಮೇಡಂ ಇದ್ದಾರಲ್ಲ. ಯಾವ್ದು ಅಂತ ನೀನ್ ಹೇಳಮ್ಮ. ಮಿಕ್ಕಿದ್ದು ನಾನ್ ನೋಡ್ಕೊತೀನಿ."

ನಾನು ಇರುವೆಗಳ ಬಗ್ಗೆ ಓದಿದ್ದು ಪಠ್ಯದಲ್ಲಿದ್ದಷ್ಟೇ. ವರ್ಷವಿಡೀ ಕಪ್ಪೆ, ಜಿರಲೆಗಳ ಚಿತ್ರ ಬರೆಸುವವಳು ನಾನು. ಆದರೂ ಮೇಡಂ ಎನ್ನಿಸಿಕೊಂಡ ಮೇಲೆ ಗೊತ್ತಿಲ್ಲ ಎನ್ನಲು ನಾಲಿಗೆ ಏಳುವುದಿಲ್ಲ. ಆಗಲಿ ಎಂದೆ. ಇಲ್ಲದ ಇರುವೆಯನ್ನು ಮೈಮೇಲೆ ಬಿಟ್ಟುಕೊಳ್ಳುವುದು ಎನ್ನುತ್ತಾರಲ್ಲ, ಅದನ್ನು ನಾನು ಆಸ್ಪತ್ರೆಯ ವರಾಂಡದಲ್ಲಿ ನಿಂತು ಮಾಡಿಕೊಂಡೆ.

ಮಾರನೆಯ ದಿನ ಅತ್ತೆ ಗಂಜಿ ಕುಡಿಯುವಷ್ಟಾಗಿದ್ದರು. ಹತ್ತಿರ ಕುಳಿತು ಮೆಲ್ಲಗೆ ಕೇಳಿದೆ. "ಅತ್ತೆ, ನಿಮಗೆ ಕಚ್ಚಿದ್ದು ಯಾವ ಇರುವೆ? ನೋಡಿದ್ರಾ?"

"ಗಂಡ್‌ಚೀಮ ಕಣೇ," ಎಂದರು.

ನಾನು ಹುಟ್ಟಿ ಬೆಳೆದದ್ದು ಮುಳಬಾಗಿಲಿನಲ್ಲಿ. ಅಪ್ಪ ಅಂಗಡಿಗಳ ಲೆಕ್ಕಪತ್ರ ಬರೆಯುತ್ತಿದ್ದವರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು. ಚೀಮ ಎಂದರೆ ತೆಲುಗಿನಲ್ಲಿ ಇರುವೆ ಎಂದು ತಿಳಿಯದವರು ನಮ್ಮ ಕಡೆ ಯಾರೂ ಇಲ್ಲ. ಅತ್ತೆಯ ಮಾತಿನಲ್ಲಂತೂ ಒಂದು ಕಾಲು ಆಂಧ್ರದಲ್ಲಿದ್ದರೆ ಇನ್ನೊಂದು ಕರ್ನಾಟಕದಲ್ಲಿ. ಹಾಗಾಗಿ ಗಂಡು ಕನ್ನಡದ್ದು, ಚೀಮ ತೆಲುಗಿನದು ಎಂದು ನನ್ನ ಕಿವಿಯೇ ಬಿಡಿಸಿಕೊಂಡಿತು. ಗಂಡಿರುವೆ!

"ಗಂಡು ಕಚ್ಚಲ್ಲ ಅತ್ತೆ. ಅದಕ್ಕೆ ಕೊಂಡೀನೇ ಇಲ್ಲ."

"ಕಚ್ಚಲ್ವಾ?" ಅತ್ತೆ ದಿಂಬಿಗೆ ಒರಗಿದ್ದವರು ನೆಟ್ಟಗೆ ಕುಳಿತರು.

"ಇಲ್ಲ. ರೆಕ್ಕೆ ಇತ್ತಾ ಅದಕ್ಕೆ?"

"ರೆಕ್ಕೆ ಯಾಕಿರುತ್ತೆ? ನೆಲದ್ ಮೇಲೆ ಓಡಾಡ್ತಿತ್ತು."

"ಹಂಗಾದ್ರೆ ಅದು ಗಂಡಲ್ಲ."

"ಗಂಡ್‌ಚೀಮಾನೇ ಕಣೇ. ನನ್ ಕಣ್ಣಿಗೇನಾಗಿದೆ? ಮೊನ್ನೆ ತಾನೇ ಆಪರೇಷನ್ ಮಾಡ್ಸಿಲ್ವಾ?"

"ಗಂಡಾದ್ರೆ ಕಚ್ಚಿಲ್ಲ. ಕಚ್ಚಿದ್ರೆ ಗಂಡಲ್ಲ. ಎರಡ್ರಲ್ಲಿ ಒಂದು ಹೇಳಿ."

"ಪೋನೀ, ಕಚ್ಚಿಲ್ಲ ಬಿಡು. ಡಾಕ್ಟ್ರಮ್ಮಂಗೂ ಹಂಗೇ ಹೇಳು, ಇರುವೆ ಏನೂ ಮಾಡಿಲ್ಲಂತೆ ಅಂತ. ಬಿಸಿಲಿಗೆ ಪಿತ್ತ ಏರಿರುತ್ತೆ."

ಹಾಗೆಂದವರು ಮಿಕ್ಕ ಗಂಜಿಯನ್ನು ಒಂದೇ ಗುಟುಕಿಗೆ ಕುಡಿದು ಲೋಟ ನನ್ನ ಕೈಗಿಟ್ಟರು. ಮುಖದಲ್ಲಿ ಎಂಥದೋ ನಿರಾಳ. ಸಾವಿನ ಬಾಯಿಂದ ಬಂದ ಹೆಂಗಸು ತನ್ನನ್ನು ಕಚ್ಚಿದ್ದು ಏನೂ ಅಲ್ಲವೆಂದು ತೀರ್ಮಾನವಾದರೆ ಇಷ್ಟು ಖುಷಿಪಡುವುದೇಕೆ? ನನಗೆ ತಲೆಬುಡ ತಿಳಿಯಲಿಲ್ಲ. ಇಂಜೆಕ್ಷನ್ನಿನ ಮಂಪರು ಅಂದುಕೊಂಡೆ.

ಭಾವನಿಗೆ ಮಾತ್ರ ಇರುವೆಯ ಮೇಲೆ ಹಗೆ ಹುಟ್ಟಿತ್ತು. ಮನೆಗೆ ಕರೆತಂದ ದಿನವೇ ಹೇಳಿದರು: "ಹೂವಿಗೆ ಔಷಧಿ ಹೊಡೆಯೋಕೆ ಹೆಂಗೂ ಟ್ರ್ಯಾಕ್ಟರ್ ಬರುತ್ತೆ. ಈ ಸಲ ನೆಲಕ್ಕೂ ಸೇರ್ಸಿ ಹೊಡ್ಸಿಬಿಡ್ತೀನಿ. ಗೂಡ್ ಗೂಡಿಗೂ ಪುಡಿ ಹಾಕ್ಸ್ತೀನಿ. ಮರದ್ದು ಅಂತಾದ್ರೆ ಮರಾನೇ ತೆಗ್ಸಿಬಿಡಣ. ಅಮ್ಮಂಗಿಂತ ಮರ ಹೆಚ್ಚಾ?" ನಮ್ಮಲ್ಲಿ ಹುಳ ಕೊಲ್ಲುವ ವಿಷಕ್ಕೂ ಔಷಧಿ ಎಂದೇ ಹೆಸರು. ಬಾಗಿಲ ಹಿಂದೆ ಮಲಗಿದ್ದ ಅತ್ತೆ ಕೆಮ್ಮಿದರು. ಔಷಧಿ ಹೊಡೆದರೆ ಜೇನು, ಕೋಳಿ, ಬಾವಿಯ ನೀರು ಎಲ್ಲ ಹಾಳು ಎಂದು ನಾನು ವಾದಿಸಿದೆ. "ಹಂಗಾದ್ರೆ ಯಾವ್ದು ಅಂತ ಬೇಗ ಹೇಳು, ಅದೊಂದಕ್ಕೇ ಹೊಡೀತೀನಿ. ಮುಂದಿನ್ ಭಾನ್ವಾರ ಟ್ರ್ಯಾಕ್ಟರ್ ಬರುತ್ತೆ," ಎಂದರು. ಅವರ ಮಾತಿನಲ್ಲಿ ತಪ್ಪು ಹುಡುಕಲು ನನ್ನಿಂದಾಗಲಿಲ್ಲ.

ಕಾಲೇಜಿಗೆ ರಜೆ ಹಾಕಿ ಹುಡುಕಲು ಶುರು ಮಾಡಿದೆ. ತೋಪಿನ ಹಿಂದೆ ಗರಸು ನೆಲ, ಬಂಡೆಗುಂಡುಗಳು, ಅಲ್ಲಲ್ಲಿ ಜಾಲಿ, ತಂಗಡಿ ಗಿಡ. ಮಳೆಗಾಲ ಬಿಟ್ಟರೆ ಹಸಿರು ಕಾಣದ ಜಾಗ. ಅಲ್ಲಿ ಬಗ್ಗಿ ನೋಡುತ್ತಾ ಹೋದರೆ ಇರುವೆಗೆ ಲೆಕ್ಕವೇ ಇರಲಿಲ್ಲ. ಒಂದು ಗೂಡಿನ ಬಾಯಿಯ ಸುತ್ತ ಹುಲ್ಲುಬೀಜದ ಹೊಟ್ಟು ದುಂಡಗೆ ಚೆಲ್ಲಿತ್ತು, ಯಾರೋ ಕುಳಿತು ರಾಗಿ ಕೇರಿ ಎದ್ದು ಹೋದ ಹಾಗೆ. ಇನ್ನೊಂದು ಕಡೆ ನೀಳಗಾಲಿನ ಇರುವೆಗಳು ಸುಡುವ ನೆಲದಲ್ಲಿ ಹೊಟ್ಟೆ ಮೇಲೆತ್ತಿ ಓಡುತ್ತಿದ್ದವು. ಮತ್ತೊಂದಕ್ಕೆ ತಲೆಗಿಂತ ಉದ್ದದ ದವಡೆ, ದೊಡ್ಡ ಕಣ್ಣು. ಕಡ್ಡಿ ಹತ್ತಿರ ತಂದರೆ ಟಣ್ಣನೆ ನೆಗೆಯಿತು. ನಾನು ಅದಕ್ಕಿಂತ ಎತ್ತರಕ್ಕೆ ನೆಗೆದೆ.

ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಂಡಿದ್ದೆ. ಫೋಟೋ ತೋರಿಸಿದರೆ ಜೀವಿಯ ಹೆಸರು ಹೇಳುತ್ತದೆ. ನೀಳಗಾಲಿನದನ್ನು ತೋರಿಸಿದೆ. ಅದು ಯಾವುದೋ ದೂರ ದೇಶದ ಮರುಭೂಮಿಯ ಇರುವೆ ಎಂದಿತು. ಹೊಟ್ಟಿನ ಗೂಡಿನದನ್ನು ತೋರಿಸಿದೆ. ಅದೂ ಮರುಭೂಮಿಯದೇ. ನಮ್ಮ ಜಿಲ್ಲೆಯನ್ನು ಬರದ ನಾಡು ಎಂದವರನ್ನು ಕಂಡಿದ್ದೇನೆ, ಮರುಭೂಮಿ ಎಂದದ್ದು ಆ ಆ್ಯಪ್ ಒಂದೇ. ನೆಲದ ಬಣ್ಣ ನೋಡಿ ಮೋಸ ಹೋಯಿತೋ, ಅಥವಾ ಆ ಇರುವೆಗಳ ದೂರದ ನೆಂಟರು ನಿಜವಾಗಿಯೂ ನಮ್ಮಲ್ಲಿದ್ದಾರೋ ತಿಳಿಯದು. ಸೊಂಟದ ಗಂಟು ಒಂದೋ ಎರಡೋ, ಮೀಸೆಯ ಕೀಲು ಎಲ್ಲಿದೆ, ಬೆನ್ನಿನಲ್ಲಿ ಮುಳ್ಳಿದೆಯೇ, ಇದನ್ನೆಲ್ಲ ನೋಡಬೇಕು ಎಂದು ಪುಸ್ತಕ ಹೇಳುತ್ತದೆ. ಓಡುವ ಇರುವೆಯ ಸೊಂಟವನ್ನು ಯಾರು ನೋಡಬೇಕು? ಸಂಜೆಯ ಹೊತ್ತಿಗೆ ಕಣ್ಣು ಮುಚ್ಚಿದರೂ ಇರುವೆ ಹರಿದಾಡುತ್ತಿದ್ದವು.

ಸಿಕ್ಕವನ್ನೆಲ್ಲ ಖಾಲಿ ಉಪ್ಪಿನಕಾಯಿ ಬಾಟಲಿಗಳಲ್ಲಿ ಹಾಕಿ ಅತ್ತೆಯ ಮುಂದೆ ಇಟ್ಟೆ. ಕಳ್ಳರನ್ನು ಸಾಲಾಗಿ ನಿಲ್ಲಿಸಿ ಗುರುತು ಹಿಡಿಸುತ್ತಾರಲ್ಲ, ಹಾಗೆ. ಅತ್ತೆ ಒಂದು ಬಾಟಲಿ ಎತ್ತಿ ಬೆಳಕಿಗೆ ಹಿಡಿದರು. "ಇದು ಅಂದ್ರೆ ಏನ್ ಮಾಡ್ತೀರಾ ಇದನ್ನ?"

"ಭಾವ ಔಷಧಿ ಹಾಕ್ತಾರೆ."

"ಹಂಗಾದ್ರೆ ಇದಲ್ಲ." ಇನ್ನೊಂದು ಎತ್ತಿದರು. "ಇದನ್ನ?"

"ಯಾವುದಾದ್ರೂ ಅಷ್ಟೇ ಅತ್ತೆ."

"ಇದೂ ಅಲ್ಲ. ಎಲ್ಲಾ ಬಿಟ್‌ಬಿಡು, ಪಾಪ. ಮನೇಲಿ ಕಾಯ್ತಿರ್ತಾವೆ."

ನನಗೆ ರೇಗಿತು. ಬಿಸಿಲಲ್ಲಿ ಬೆಂದು ಹಿಡಿದು ತಂದವಳ ಎದುರು ಇರುವೆಗೆ ಮನೆ, ಕಾಯುವವರು ಎಂದರೆ ಯಾರಿಗೆ ರೇಗುವುದಿಲ್ಲ? ಬಾಟಲಿಗಳನ್ನು ಎತ್ತಿಕೊಂಡು ಹೋಗಿ ಜಾಲಿಯ ಬುಡದಲ್ಲಿ ಸುರಿದೆ. ನೆಗೆಯುವ ಇರುವೆಯ ಮೇಲೆ ನನಗೆ ಬಲವಾದ ಗುಮಾನಿ ಇತ್ತು, ಅದಕ್ಕೆ ಕೊಂಡಿಯೂ ಇತ್ತು. ಆದರೆ ಅತ್ತೆ ಗರಸು ನೆಲದ ಕಡೆ ಕಾಲಿಡುವವರೇ ಅಲ್ಲ.

ಮಾರನೆಯ ದಿನ ಕಾಲೇಜಿಗೆಂದು ಗೌನಿಪಲ್ಲಿಯಿಂದ ಬಸ್ ಹತ್ತಿದೆ. ಪಕ್ಕದಲ್ಲಿ ಬೇವಿನ ಸೊಪ್ಪು ಮುಚ್ಚಿದ ಬುಟ್ಟಿ ಇಟ್ಟುಕೊಂಡ ಹೆಂಗಸು ಕುಳಿತಿದ್ದಳು. ನನ್ನ ಸೆರಗಿನ ಮೇಲೆ ಏನೋ ಹರಿಯಿತು. ಅವಳು ಬೆರಳಿನಿಂದ ಅದನ್ನು ಚಿಮ್ಮಿ, "ಗಂಡು ಚೀಮ ಅಮ್ಮಾ, ಪಟ್ಟುಕುಂಟೇ ವದಲದು," ಎಂದಳು. ಹಿಡಿದರೆ ಬಿಡುವುದಿಲ್ಲ ಎಂದು. ಸೀಟಿನ ಕೆಳಗೆ ಬಿದ್ದು ಓಡಿದ್ದು ದಪ್ಪ ತಲೆಯ ದೊಡ್ಡ ಕಪ್ಪಿರುವೆ. ನಮ್ಮ ಮುಳಬಾಗಿಲ ಮನೆಯಲ್ಲಿ ಅದಕ್ಕೆ ಗೊದ್ದ ಎನ್ನುತ್ತಿದ್ದೆವು.

ಅಂದರೆ ಗಂಡು ಚೀಮ ಎಂಬುದು ಇಡಿಯಾಗಿ ತೆಲುಗು ಮಾತು. ಅದರಲ್ಲಿ ಗಂಡೂ ಇಲ್ಲ ಹೆಣ್ಣೂ ಇಲ್ಲ, ದೊಡ್ಡ ಕಪ್ಪಿರುವೆ ಅಷ್ಟೇ. ಅತ್ತೆ ಒಂದು ಇರುವೆಯ ಹೆಸರು ಹೇಳಿದ್ದರು, ನಾನು ಅದರ ಮೇಲೆ ಗಂಡು ಹೆಣ್ಣಿನ ಪಾಠ ಮಾಡಿದ್ದೆ. ಬಸ್ಸಿನಲ್ಲಿ ಒಬ್ಬಳೇ ನಕ್ಕೆ. ಪಕ್ಕದವಳು ಬುಟ್ಟಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು.

ನಗು ಶ್ರೀನಿವಾಸಪುರ ಬರುವಷ್ಟರಲ್ಲಿ ಮುಗಿಯಿತು. ಗೊದ್ದಕ್ಕೂ ಕೊಂಡಿ ಇಲ್ಲವಲ್ಲ! ಅದು ಬಾಯಿಯಿಂದ ಕಚ್ಚುತ್ತದೆ, ಉರಿಸುತ್ತದೆ. ಉಸಿರು ಕಟ್ಟಿಸುವ ವಿಷ ಅದರದಲ್ಲ. ಗಂಡಿರುವೆ ಎಂದರೂ ಅದಲ್ಲ, ಗಂಡು ಚೀಮ ಎಂದರೂ ಅದಲ್ಲ. ಹಾಗಿದ್ದರೆ ಕಚ್ಚಿದ್ದು ಯಾವುದು? ಭಾವನಿಗೆ ಫೋನ್ ಮಾಡಿ, ನಿಮಗೆ ಏನೆಂದು ಹೇಳಿದರು ಎಂದು ಕೇಳಿದೆ. "ಕಟ್ಟಿರುವೆ ಅಂದ್ಳು," ಎಂದರು. ಮಧ್ಯಾಹ್ನ ಆಸ್ಪತ್ರೆಗೆ ಹೋಗಿ ಡಾಕ್ಟರನ್ನು ಕೇಳಿದೆ. "ಕೆಂಪಿರುವೆ ಅಂತ ಹೇಳಿದ್ರಲ್ಲ," ಎಂದಳು ಆಕೆ. ಮೂವರಿಗೆ ಮೂರು ಹೆಸರು. ಅತ್ತೆಗೆ ಮರೆವು ಶುರುವಾಗಿದೆಯೇ ಎಂದು ಹೆದರಿಕೆಯಾಯಿತು. ಆದರೆ ಮನೆಯ ಯಾವ ಕೋಳಿ ಎಲ್ಲಿ ಮೊಟ್ಟೆ ಇಡುತ್ತದೆ ಎಂದು ಮಲಗಿದಲ್ಲಿಂದಲೇ ಹೇಳುವವರಿಗೆ ಅದೆಂಥ ಮರೆವು?

ಶುಕ್ರವಾರ ಸಂಜೆ ತೋಪಿಗೆ ಹೋದೆ. ಭಾನುವಾರ ಟ್ರ್ಯಾಕ್ಟರ್ ಬರುವುದಿತ್ತು. ಬೆಳಿಗ್ಗೆ ಎಚ್ಚರವಾದಾಗ ಅತ್ತೆಯ ಹಾಸಿಗೆ ಖಾಲಿ. ಹಿತ್ತಲ ಬಾಗಿಲು ಓರೆಯಾಗಿತ್ತು. ಹೊರಗೆ ಬಂದು ನೋಡಿದರೆ ಮನೆಯ ಹಿಂದಿನ ಹಳೆಯ ಮಾವಿನ ಮರದ ಬುಡದಲ್ಲಿ ಅತ್ತೆ ಕುಕ್ಕರುಗಾಲಲ್ಲಿ ಕುಳಿತಿದ್ದಾರೆ, ಬರಿಗಾಲು. ಕೈಯಲ್ಲಿ ಸಣ್ಣ ಸ್ಟೀಲ್ ಡಬ್ಬಿ. ಅದರಿಂದ ಚಿಟಿಕೆ ಚಿಟಿಕೆಯಾಗಿ ಏನನ್ನೋ ನೆಲಕ್ಕೆ ಉದುರಿಸುತ್ತಾ ತುಟಿ ಅಲ್ಲಾಡಿಸುತ್ತಿದ್ದರು. ನಾನು ಹತ್ತಿರ ಹೋದೆ. ರವೆ, ಸಕ್ಕರೆ. ಸುತ್ತ ಗೊದ್ದಗಳು ಮುತ್ತಿಕೊಂಡು ಒಂದೊಂದೇ ಕಾಳು ಎತ್ತಿಕೊಳ್ಳುತ್ತಿದ್ದವು. ಇವು ಗಂಡು ಚೀಮಗಳೇ, ಸರಿ, ಎಂದುಕೊಳ್ಳುವಷ್ಟರಲ್ಲಿ ಅತ್ತೆ ಏಳಲು ಹೊರಟರು. ಅವರಿಗೆ ಮಂಡಿ ನೋವು. ಎದ್ದೇಳಲು ಎಡಗೈಯನ್ನು ಮರದ ಕಾಂಡದ ಕಡೆ ಚಾಚಿದರು.

ಕಾಂಡದ ಮೇಲೆ ಒಂದು ಇರುವೆ ಇಳಿಯುತ್ತಿತ್ತು. ತೆಳ್ಳನೆಯ ಉದ್ದ ಮೈ. ತಲೆ ಕಪ್ಪು, ಹಿಂಬದಿ ಕಪ್ಪು, ನಡುವೆ ಮಾತ್ರ ತುಕ್ಕಿನ ಕೆಂಪು. ಅದರ ಹಿಂದೆ ಇನ್ನೊಂದು. ಪುಸ್ತಕದ ಚಿತ್ರದಲ್ಲಿ ನೋಡಿದ್ದು ಆ ಕ್ಷಣ ನೆನಪಿಗೆ ಬಂತು. ಒಣಗಿದ ಕೊಂಬೆಯ ಟೊಳ್ಳಿನಲ್ಲಿ ಗೂಡು ಮಾಡುವ ಇರುವೆ, ಕೊಂಡಿ ಇರುವುದು, ವಿಷ ಇರುವುದು. "ಅತ್ತೆ!" ಎಂದು ಕಿರುಚಿ ಅವರ ತೋಳು ಹಿಡಿದು ಎಳೆದೆ. ಇಬ್ಬರೂ ಮಣ್ಣಿನಲ್ಲಿ ಬಿದ್ದೆವು. ಡಬ್ಬಿ ಉರುಳಿ ಸಕ್ಕರೆಯೆಲ್ಲ ಚೆಲ್ಲಿತು.

ಅತ್ತೆ ನನ್ನ ಮುಖ ನೋಡಿದರು, ಮರ ನೋಡಿದರು. "ನೋಡ್‌ಬಿಟ್ಯಾ?" ಎಂದರು.

"ಇದೇ ಅಲ್ವಾ? ಅವತ್ತೂ ಹಿಂಗೇ ಕೈ ಊರಿದ್ರಾ?"

ಉರುಳಿದ್ದ ಡಬ್ಬಿಯನ್ನು ಹತ್ತಿರ ಎಳೆದುಕೊಂಡು, "ಇದೇ," ಎಂದರು.

"ಮತ್ತೆ ಗಂಡ್‌ಚೀಮ ಅಂದ್ರಿ?"

"ನೀನ್ ಕೇಳ್ದಾಗ ಬಾಯಿಗ್ ಬಂದಿದ್ ಹೇಳ್ದೆ. ನೀನ್ ನೋಡಿದ್ರೆ ಅದು ಕಚ್ಚೋದೇ ಇಲ್ಲ ಅಂದೆ. ಓದಿರೋಳು, ನೀನೇ ಹಂಗಂದ್ಮೇಲೆ ದೇವ್ರೇ ದಾರಿ ತೋರ್ಸ್ದ ಅನ್ಕೊಂಡೆ. ಯಾವ್ದಕ್ಕೂ ಔಷಧಿ ಬೀಳಲ್ಲ ಅಂತ."

ನನಗೆ ಬಂದ ಸಿಟ್ಟು ಇಷ್ಟಲ್ಲ. "ಸಾಯ್ತಿದ್ರಲ್ಲ ಅತ್ತೆ! ಈ ಇರುವೆಗೋಸ್ಕರ ಸಾಯ್ತಿದ್ರಲ್ಲ!" ಎಂದು ಕೂಗಿದೆ. ಕೂಗುತ್ತಲೇ ಅಳು ಬಂತು.

ಅತ್ತೆ ಸೆರಗಿನಿಂದ ನನ್ನ ಮುಖಕ್ಕೆ ಅಂಟಿದ್ದ ಮಣ್ಣು ಒರೆಸಿದರು. "ನಿನ್ ಗಂಡ ಮಾಲೂರ್ ರೋಡಲ್ಲಿ ಬಿದ್ದಾಗ ನೀನು ಅವನ್ ಜೊತೆ ಆಸ್ಪತ್ರೇಲಿದ್ದೆ. ನಾನು ನಿಮ್ಮೂರಿನ ಅಯ್ನೋರ ಹತ್ರ ಹೋಗಿದ್ದೆ. ಏಳರಾಟ ಶನಿ, ಶನಿವಾರ ಶನಿವಾರ ಕಪ್ಪಿರುವೆಗೆ ಸಕ್ಕರೆ ರವೆ ಹಾಕಮ್ಮ, ಮಗ ಉಳೀತಾನೆ ಅಂದ್ರು. ಉಳಿದ. ಶನಿ ಇನ್ನೂ ಬಿಟ್ಟಿಲ್ಲ. ಅವನಾದ್ರೂ ದಿನಾ ಅದೇ ರೋಡಲ್ಲಿ ಹೋಗಿ ಬರ್ತಾನೆ. ಮಗ ಉಳೀಲಿ ಅಂತ ತಿನ್ಸಿದ ಕೈಲೇ ವಿಷ ಹಾಕ್ಸಲಾ? ಹೇಳು."

ನನ್ನ ಗಂಡನಿಗೆ ಇಟ್ಟಿಗೆ ಲಾರಿಯೊಂದು ತಗುಲಿದ್ದು, ತಿಂಗಳುಗಟ್ಟಲೆ ಮಲಗಿದ್ದು ನನಗೆ ಗೊತ್ತಿರುವುದೇ. ಈ ಸಕ್ಕರೆಯ ವಿಷಯ ಗೊತ್ತಿರಲಿಲ್ಲ. ಅತ್ತೆ ಎಳ್ಳುಬತ್ತಿ ಹಚ್ಚಿದಾಗ ನಾನು ನಕ್ಕಿದ್ದೆನಂತೆ, ಅದಕ್ಕೇ ಹೇಳಲಿಲ್ಲವಂತೆ.

"ಸಕ್ಕರೆ ತಿನ್ನೋದು ಕೆಳಗಿನ ಕಪ್ಪಿರುವೆ, ಅತ್ತೆ. ಕಚ್ಚಿದ್ದು ಮರದ್ದು. ಅದೇ ಬೇರೆ ಜಾತಿ."

"ಅನ್ನ ಹಾಕೋವಾಗ ಜಾತಿ ಕೇಳ್ತೀವಾ?" ಎಂದು ಅತ್ತೆ ಕೈ ತೋರಿಸಿದರು. ನಿಜ, ಕೆಂಪು ನಡುವಿನ ಒಂದೆರಡು ಇಳಿದು ಬಂದು ಸಕ್ಕರೆಯ ಅಂಚಿನಲ್ಲಿ ಮೀಸೆ ಆಡಿಸುತ್ತಿದ್ದವು. "ಇಲ್ಲಿ ತಿನ್ನೋವೆಲ್ಲ ಒಂದೇ ಲೆಕ್ಕ. ಗಂಡ್‌ಚೀಮಾನೂ ಅಲ್ಲ, ಹೆಣ್ ಚೀಮಾನೂ ಅಲ್ಲ. ಎಲ್ಲಾ ನಿನ್ ಗಂಡನ್ ಚೀಮ."

ಹೇಳಿ ಅವರೇ ನಕ್ಕರು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸುಳ್ಳು ಹೇಳಿದರೆ ಅತ್ತೆಯ ಜೀವಕ್ಕೆ ಸಂಚಕಾರ. ನಿಜ ಹೇಳಿದರೆ ಮರ ಹೋಗುತ್ತದೆ, ಇರುವೆ ಹೋಗುತ್ತವೆ, ಅಷ್ಟರಿಂದ ನನ್ನ ಗಂಡನಿಗೆ ಏನೂ ಆಗುವುದಿಲ್ಲ. ಏನೂ ಆಗುವುದಿಲ್ಲ ಎಂಬುದರಲ್ಲಿ ನನಗೆ ಸಂಶಯವೇ ಇರಲಿಲ್ಲ. ಆದರೂ ಆ ವಾಕ್ಯವನ್ನು ಮನಸ್ಸಿನಲ್ಲಿ ಎರಡೆರಡು ಸಲ ಯಾಕೆ ಹೇಳಿಕೊಂಡೆನೋ.

ಸದ್ದು ಕೇಳಿ ಭಾವ ಓಡಿ ಬಂದರು. ನೆಲದಲ್ಲಿ ಕುಳಿತಿದ್ದ ನಮ್ಮಿಬ್ಬರನ್ನೂ ಚೆಲ್ಲಿದ ಸಕ್ಕರೆಯನ್ನೂ ನೋಡಿ, "ಏನಾಯ್ತು? ಸಿಕ್ತಾ?" ಎಂದರು.

ಅತ್ತೆ ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದರು.

"ಸಿಕ್ತು ಭಾವ," ಎಂದೆ. ಅವರ ಹಿಡಿತ ಸಡಿಲವಾಯಿತು. ಅತ್ತೆ ಮುಖ ತಿರುಗಿಸಿದರು. ನಾನು ನಿಲ್ಲಿಸದೆ ಹೇಳುತ್ತಾ ಹೋದೆ. "ಇದು ನೆಲದ್ದಲ್ಲ. ನೆಲದ ಇರುವೆಗಳದ್ದು ಏನೂ ತಪ್ಪಿಲ್ಲ, ಅವಕ್ಕೆ ಔಷಧಿ ಬೇಡ. ಮರಾನೂ ಕಡಿಯೋದ್ ಬೇಡ. ಅಗೋ, ಆ ಒಣಕೊಂಬೆ ಟೊಳ್ಳಾಗಿದೆ, ಗೂಡು ಅದ್ರಲ್ಲಿದೆ. ಅದೊಂದನ್ನ ತೆಗ್ಸಿ. ಅತ್ತೆ ಇನ್ಮೇಲೆ ಮರದ ಹತ್ರ ಬರಲ್ಲ, ಬರಿಗಾಲಲ್ಲಿ ಓಡಾಡಲ್ಲ. ಡಾಕ್ಟರನ್ನ ಕೇಳಿ ಇಂಜೆಕ್ಷನ್ನು ಮನೇಲೇ ಇಟ್ಕೊಳ್ಳೋಣ."

"ಒಂದ್ ಕೊಂಬೆ ತೆಗ್ದ್ರೆ ಸಾಕಾ?"

"ಸಾಕು," ಎಂದೆ. ಸಾಕೋ ಇಲ್ಲವೋ ನನಗೆ ಗೊತ್ತಿರಲಿಲ್ಲ, ಇವತ್ತಿಗೂ ಖಚಿತವಿಲ್ಲ.

"ಶನಿವಾರ ಯಾರ್ ಹಾಕ್ತಾರೆ?" ಅತ್ತೆ ಮುಖ ಆ ಕಡೆಯೇ ಇಟ್ಟು ಕೇಳಿದರು.

"ನಾನ್ ಬರ್ತೀನಿ."

"ನೀನಾ? ನಂಬ್ಕೆ ಇಲ್ದೆ ಹಾಕಿದ್ರೆ ಸಲ್ಲುತ್ತಾ?"

"ಇರುವೆಗೆ ನಂಬ್ಕೆ ಯಾಕತ್ತೆ? ಸಕ್ಕರೆ ಸಾಕು."

ಭಾವನಿಗೆ ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ. ಅಮ್ಮ ಉಳಿದರೆ ಸಾಕು ಎಂದು ಕೊಡಲಿ ತರಲು ಹೋದರು. ಕೊಂಬೆ ಕಡಿದಾಗ ಅದರ ಟೊಳ್ಳಿನಿಂದ ಇರುವೆಗಳು ಮೊಟ್ಟೆ ಕಚ್ಚಿಕೊಂಡು ಹೊರಗೆ ಸುರಿದವು. ಭಾವ ಕೊಂಬೆಯನ್ನು ದೂರ ಎಳೆದು ಬೆಂಕಿ ಇಟ್ಟರು. ಅತ್ತೆ ಒಳಗೆ ಬಾಗಿಲು ಹಾಕಿಕೊಂಡಿದ್ದರು. ಹೊರಗೆ ಬಂದವರು, "ತುಂಬಾ ಇದ್ವಾ?" ಎಂದು ಕೇಳಿದರು. "ಹೆಚ್ಚೇನಿಲ್ಲ," ಎಂದೆ. ಅವರೂ ನಂಬಿದ ಹಾಗೆ ತಲೆಯಾಡಿಸಿದರು. ಆ ಇರುವೆಗೆ ಪುಸ್ತಕದಲ್ಲಿ ಒಂದು ಉದ್ದನೆಯ ಲ್ಯಾಟಿನ್ ಹೆಸರಿದೆ. ನಮ್ಮ ಕಡೆಯ ಮಾತಿನಲ್ಲಿ ಅದಕ್ಕೆ ಏನೆನ್ನುತ್ತಾರೆ ಎಂದು ಆಮೇಲೆ ಹಲವರನ್ನು ಕೇಳಿದೆ. ಒಬ್ಬೊಬ್ಬರು ಒಂದೊಂದು ಹೇಳಿದರು.

ಆವತ್ತಿನಿಂದ ಶನಿವಾರ ಕಾಲೇಜು ಮುಗಿದ ಮೇಲೆ ನಾನು ಗೌನಿಪಲ್ಲಿ ಬಸ್ ಹತ್ತುತ್ತೇನೆ. ಶೂ ಹಾಕಿಕೊಂಡು, ಡಬ್ಬಿ ಹಿಡಿದು ಮರದ ಬುಡಕ್ಕೆ ಹೋಗುತ್ತೇನೆ. ಅತ್ತೆ ಚಪ್ಪಲಿ ಮೆಟ್ಟಿಕೊಂಡು ಜಗಲಿಯಲ್ಲಿ ಕುಳಿತೇ ಹುಕುಂ ಮಾಡುತ್ತಾರೆ. "ಎಡಗೈಲಿ ಹಾಕ್ಬೇಡ! ಒಂದೇ ಕಡೆ ಸುರೀಬೇಡ್ವೇ, ಜಗಳ ಆಡ್ತಾವೆ! ಅವನ ಹೆಸ್ರು ಹೇಳ್ದ್ಯಾ?" ಸಹೋದ್ಯೋಗಿಗಳಿಗೆ ಇರುವೆಗಳ ಅಧ್ಯಯನ ಮಾಡುತ್ತಿದ್ದೇನೆ ಎಂದು ಹೇಳಿದ್ದೇನೆ. ಸುಳ್ಳೇನಲ್ಲ, ಯಾವುವು ಬಂದವು, ಯಾವುವು ಬರಲಿಲ್ಲ ಎಂದು ನೋಡುತ್ತೇನೆ. ಕೆಂಪು ನಡುವಿನವು ಮತ್ತೆ ಕಂಡಿಲ್ಲ. ಕಾಣದಿದ್ದರೆ ಸಮಾಧಾನ, ಸಮಾಧಾನದ ಜೊತೆಗೆ ಹೇಳಲಾಗದ ಒಂದು ಅಳುಕು.

ಮೊನ್ನೆ ಒಂದು ಶನಿವಾರ ಪರೀಕ್ಷೆಯ ಕೆಲಸ ಬಿತ್ತು, ತೋಪಿಗೆ ಹೋಗಲಾಗಲಿಲ್ಲ. ಅತ್ತೆಗೆ ಫೋನ್ ಮಾಡಿ ಹೇಳಿದೆ. "ಪರ್ವಾಗಿಲ್ಲ ಬಿಡು," ಎಂದರು. ದನಿ ಸಣ್ಣಗಿತ್ತು. ಕೋಲಾರದ ಮನೆಗೆ ಬಂದು ಕಾಫಿ ಕುಡಿದು, ಉತ್ತರ ಪತ್ರಿಕೆ ಹಿಡಿದು ಕುಳಿತೆ. ನನ್ನ ಗಂಡ ಬರುವ ಹೊತ್ತಾಯಿತು, ಬರಲಿಲ್ಲ. ಫೋನ್ ಮಾಡಿದೆ, ಸ್ವಿಚ್ ಆಫ್. ಚಾರ್ಜ್ ಮುಗಿದಿರುತ್ತದೆ ಎಂದುಕೊಂಡೆ. ಪತ್ರಿಕೆಯಲ್ಲಿ ಯಾರೋ ಇರುವೆಯ ಜೀವನಚಕ್ರ ಬರೆದಿದ್ದರು, ಅದಕ್ಕೆ ಎಷ್ಟು ಅಂಕ ಕೊಟ್ಟೆನೋ ನೆನಪಿಲ್ಲ. ದೀಪ ಹಚ್ಚುವ ಹೊತ್ತಾಯಿತು. ಮತ್ತೆ ಮಾಡಿದೆ, ಸ್ವಿಚ್ ಆಫ್.

ಅಡುಗೆಮನೆಗೆ ಹೋದೆ. ರವೆ ಡಬ್ಬಿಯಿಂದ ಒಂದು ಹಿಡಿ, ಸಕ್ಕರೆ ಡಬ್ಬಿಯಿಂದ ಒಂದು ಹಿಡಿ. ಕಾಂಪೌಂಡ್ ಗೋಡೆಯ ಬುಡದಲ್ಲಿ ಒಂದು ಸಾಲು ಹೋಗುತ್ತಿತ್ತು, ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣವು. ಕಪ್ಪೋ ಕೆಂಪೋ, ಆ ಬೆಳಕಿನಲ್ಲಿ ತಿಳಿಯಲಿಲ್ಲ. ಸೊಂಟದ ಗಂಟು ಒಂದೋ ಎರಡೋ ನೋಡಲಿಲ್ಲ. ಕುಕ್ಕರುಗಾಲಲ್ಲಿ ಕುಳಿತು ಉದುರಿಸಿದೆ, ಬಲಗೈಯಲ್ಲೇ, ಒಂದೇ ಕಡೆ ಸುರಿಯದ ಹಾಗೆ. ತುಟಿ ತಾನಾಗಿ ಆಡುತ್ತಿತ್ತು.

ಗೇಟಿನ ಸದ್ದಾಯಿತು. ಬೈಕ್ ತಳ್ಳಿಕೊಂಡು ಬಂದ ಅವರು, "ಪಂಕ್ಚರ್ ಕಣೇ, ಫೋನೂ ಸತ್ತೋಗಿತ್ತು," ಎಂದರು. ನಾನು ಕುಳಿತಲ್ಲೇ ತಲೆ ಎತ್ತಿದೆ. "ಅಲ್ಲೇನ್ ಮಾಡ್ತಿದ್ದೀಯಾ ಕತ್ಲಲ್ಲಿ?"

"ಇರುವೆ ನೋಡ್ತಿದ್ದೆ ರೀ."

"ಯಾವ ಇರುವೆ?"

"ನಿಮ್ಮವು," ಎಂದೆ.

ಅವರಿಗೆ ಅರ್ಥವಾಗಲಿಲ್ಲ. ಬೈಕ್ ನಿಲ್ಲಿಸಿ ಕೈಗೆ ಮೆತ್ತಿದ ಗ್ರೀಸ್ ತೊಳೆಯಲು ಒಳಗೆ ಹೋದರು. ನಾನು ಕೈಯಲ್ಲಿ ಉಳಿದಿದ್ದ ಸಕ್ಕರೆಯನ್ನೂ ಅಲ್ಲೇ ಉದುರಿಸಿ ಎದ್ದೆ.